ನಕಲಿನ ನಕಲು

ನನ್ನ ಮೈದುನ ಅರವತ್ತೊಂದು ವರ್ಷದ ಬದುಕಿನಲ್ಲಿ ಒಂದೇ ಒಂದು ಸಲವೂ ತಪ್ಪು ಒಪ್ಪಿಕೊಂಡವನಲ್ಲ. ಕೋಪದಲ್ಲಿ ಹೇಳುತ್ತಿಲ್ಲ, ಮೂವತ್ತೆಂಟು ವರ್ಷ ಹತ್ತಿರದಿಂದ ನೋಡಿದ ಮೇಲೆ ಬಂದ ತೀರ್ಮಾನ. ಅವನ ತಲೆ ಬಾಗಿಲಿಗೆ ಬಡಿದರೆ ಬಾಗಿಲು ಗಿಡ್ಡ. ಬಸ್ಸು ತಪ್ಪಿದರೆ ಬಸ್ಸಿಗೆ ಅವಸರ. ಒಮ್ಮೆ ಗುರುತು ಪರಿಚಯ ಇಲ್ಲದವರ ಮದುವೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಉಡುಗೊರೆಯನ್ನೂ ಕೊಟ್ಟು ಬಂದ. ಕೇಳಿದರೆ, “ಅವರು ಹೇಳದೆ ಕೇಳದೆ ಹಾಲ್ ಬದಲಾಯಿಸಿದ್ರು” ಎಂದ.

ಅವನು ಕಟಿಂಗ್ ಮಾಸ್ಟರ್. ಅಂದರೆ ಬಟ್ಟೆ ಕತ್ತರಿಸುವವನು, ಹೊಲಿಯುವವನಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಯಾರಾದರೂ ಅವನನ್ನು ಟೈಲರ್ ಎಂದು ಕರೆದರೆ ಅಳತೆ ತೆಗೆಯುವಾಗ ಟೇಪನ್ನು ಸ್ವಲ್ಪ ಬಿಗಿಯಾಗಿಯೇ ಎಳೆಯುತ್ತಾನೆ. ಊರೆಲ್ಲ ಅವನನ್ನು ಮಾಸ್ಟರ್ ಎನ್ನುತ್ತದೆ. ಮನೆಯಲ್ಲಿ ನಾವೂ ಹಾಗೇ ಕರೆದು ಅವನನ್ನು ಕೆಡಿಸಿದ್ದೇವೆ.

ನಮ್ಮ ಮನೆಯ ಕೆಳಗಿನ ಅಂತಸ್ತೇ ಅವನ ಅಂಗಡಿ. ಆಸ್ಪತ್ರೆಯ ಬಿಳಿ ಕೋಟು, ಕಾರ್ಖಾನೆಯ ನೀಲಿ ಅಂಗಿ, ಶಾಲೆಯ ಸಮವಸ್ತ್ರ ಅಲ್ಲಿ ತಯಾರಾಗುತ್ತವೆ. ಉದ್ದನೆಯ ಕೋಣೆ. ಕಿಟಕಿಯ ಸಾಲಿಗೆ ಆರು ಹೊಲಿಗೆ ಮಷಿನ್. ನಡುವೆ ಸೊಂಟದೆತ್ತರದ ಕಟಿಂಗ್ ಮೇಜು. ಅದರ ಹಲಗೆ ಕತ್ತರಿಯ ಗೀರುಗಳಿಂದ ಮುದುಕನ ಅಂಗೈಯಂತಾಗಿದೆ. ಕೋಣೆಯ ಕೊನೆಯಲ್ಲಿ ಹಸಿರು ಪರದೆ, ಪರದೆಯ ಹಿಂದೆ ಕಬ್ಬಿಣದ ಬೀರು. ಬೀರುವಿನೊಳಗೆ ಅವನು ಹರೆಯದಲ್ಲಿ ತಿಂಗಳುಗಟ್ಟಲೆ ಕೂತು ಮಾಡಿದ ರಟ್ಟುಗಳು: ಪ್ರತಿ ಉಡುಪಿನ ಬೆನ್ನು, ಎದೆ, ತೋಳು, ಕಾಲರ್, ಜೇಬು, ಒಂದೊಂದಕ್ಕೂ ಒಂದೊಂದು ದಪ್ಪ ರಟ್ಟಿನ ಮಾದರಿ. ಒಟ್ಟು ನಲವತ್ತಮೂರು. ಈ ರಟ್ಟುಗಳು ಪರದೆ ದಾಟಿ ಹೊರಗೆ ಬರುವಂತಿಲ್ಲ. ಬಂದರೆ ಸೀಮೆಸುಣ್ಣ ತಿಕ್ಕಿ ಅಂಚು ಸವೆಯುತ್ತದೆ, ಗುಂಡುಸೂಜಿ ಚುಚ್ಚಿ ತೂತಾಗುತ್ತದೆ. ಅದಕ್ಕೆ ಮಾಸ್ಟರ್ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಅದರ ಮೇಲೆ ರಟ್ಟಿನ ಸುತ್ತ ಗೆರೆ ಎಳೆದು, ಕತ್ತರಿಸಿ, ಆ ಕಾಗದದ ನಕಲನ್ನು ಮೇಜಿಗೆ ತರುತ್ತಾನೆ. ಅದನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುತ್ತಾನೆ. ಎರಡು ತಿಂಗಳಲ್ಲಿ ಕಾಗದ ಚಿಂದಿಯಾಗುತ್ತದೆ. ಮತ್ತೆ ಹೊಸ ನಕಲು. ಬೀರುವಿನ ಬೀಗದ ಕೈ ಒಂದೇ. ಅದು ಅವನ ಕೊರಳಲ್ಲಿ, ಟೇಪಿನ ಪಕ್ಕದಲ್ಲಿ, ಕಪ್ಪು ದಾರಕ್ಕೆ ಜೋತುಬಿದ್ದಿರುತ್ತದೆ. ಸ್ನಾನಕ್ಕೂ ತೆಗೆಯುವುದಿಲ್ಲ.

“ನಿನ್ನ ಹೆಂಡತಿಯ ಕೈಗಾದರೂ ಒಂದು ಕೊಟ್ಟಿರಬಾರದೇನಯ್ಯಾ?” ಎಂದು ಹಿಂದೊಮ್ಮೆ ಕೇಳಿದ್ದೆ.

“ಅವಳಿಗೆ ನನ್ನನ್ನೇ ಕೊಟ್ಟಿದ್ದೀನಲ್ಲ ಅತ್ತಿಗೆ, ಇನ್ನೇನು ಬೇಕು?”

“ಬದಲಾಯಿಸಿಕೊಡ್ತಾರೇನೋ ಕೇಳಿ ಅಕ್ಕಾ” ಎಂದಳು ನನ್ನ ಓರಗಿತ್ತಿ ಅಡುಗೆಮನೆಯಿಂದ.

ನಾನು ಮಹಡಿಯ ಮೇಲೆ ಇರುವವಳು. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಜೀವಕೋಶದ ಪಾಠ ಮಾಡಿ ನಿವೃತ್ತಳಾದೆ. ಆಮೇಲೆ, ವಿಜ್ಞಾನ ಓದದವರಿಗಾಗಿ ಒಂದು ಪುಸ್ತಕ ಬರೆಯಲು ಕೂತೆ. ಐದು ಅಧ್ಯಾಯ ಸಲೀಸಾಗಿ ಹೋದವು. ಆರನೆಯದನ್ನು ಪ್ರಕಾಶಕರು ವಾಪಸು ಕಳಿಸಿದರು. ಜೊತೆಗೆ ಒಂದು ಚೀಟಿ: “ಮೇಡಂ, ಡಿಎನ್‌ಎಯಿಂದ ಪ್ರೋಟೀನ್ ಹೇಗೆ ಆಗುತ್ತದೆ ಎಂಬುದನ್ನು ನಮ್ಮ ಕಚೇರಿಯಲ್ಲಿ ಮೂವರು ಓದಿದೆವು. ಒಬ್ಬರಿಗೂ ತಿಳಿಯಲಿಲ್ಲ. ಒಬ್ಬರಿಗೆ ನಿದ್ದೆ ಬಂತು.” ನಾನು ಚೀಟಿಯನ್ನು ಮಡಚಿಟ್ಟು ಕೆಳಗಿಳಿದೆ. ನನಗೆ ಉದಾಹರಣೆ ಬೇಕಾಗಿತ್ತು, ಅದು ಎಷ್ಟೋ ವರ್ಷದಿಂದ ನನ್ನ ಕಾಲ ಕೆಳಗೇ ಖಡಖಡ ಸದ್ದು ಮಾಡುತ್ತಿತ್ತು.

“ನಿನ್ನ ಬೀರು ಇದೆಯಲ್ಲ,” ಎಂದೆ ಮಾಸ್ಟರ್‌ಗೆ, “ಅಂಥದ್ದೇ ಒಂದು ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಇದೆ.”

“ಬೀಗ?”

“ಬೀಗ ಇಲ್ಲ. ಪರದೆ ಇದೆ.”

“ಬೀಗ ಇಲ್ದೆ ಹೇಗೆ ಅತ್ತಿಗೆ?” ಎಂದು ಕೊರಳಿನ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ನಾನು ಮುಂದುವರಿಸಿದೆ. ಆ ಪರದೆಯೊಳಗೆ ಇರುವುದೇ ಡಿಎನ್‌ಎ. ತಿರುಚಿದ ಏಣಿಯಂಥದ್ದು. ಅದರ ಮೆಟ್ಟಿಲುಗಳಲ್ಲಿ ನಾಲ್ಕೇ ನಾಲ್ಕು ಬಗೆಯ ಅಕ್ಷರ; ಆ ಅಕ್ಷರಗಳ ಸಾಲಿನಲ್ಲಿ ದೇಹಕ್ಕೆ ಬೇಕಾದ ಎಲ್ಲ ಉಡುಪಿನ ಮಾದರಿಯೂ ಇದೆ. ಒಂದು ಉಡುಪಿನ ರಟ್ಟು ಎಂದರೆ ಒಂದು ಜೀನ್. ಅದು ಹೊರಗೆ ಬರುವುದಿಲ್ಲ. ಬೇಕಾದಾಗ ಬೇಕಾದಷ್ಟು ಭಾಗದ ನಕಲು ಮಾತ್ರ ತೆಗೆಯಲಾಗುತ್ತದೆ. ಆ ನಕಲಿನ ಹೆಸರು ಆರ್‌ಎನ್‌ಎ. ನಿನ್ನ ಪತ್ರಿಕೆಯ ಹಾಳೆ ಇದ್ದಂತೆ, ತಾತ್ಕಾಲಿಕ. ಅದು ಪರದೆ ದಾಟಿ ಹೊರಗೆ ಬರುತ್ತದೆ. ಹೊರಗೆ ಸಾಲಾಗಿ ಮಷಿನ್‌ಗಳಿವೆ, ಅವು ರೈಬೋಸೋಮ್. ಅವು ನಕಲಿನ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತವೆ. ಒಂದೊಂದು ಮೂರು ಅಕ್ಷರವೂ ಒಂದೊಂದು ತುಂಡಿನ ಹೆಸರು ಹೇಳುತ್ತದೆ. ತುಂಡುಗಳಲ್ಲಿ ಇಪ್ಪತ್ತು ಬಗೆ. ಅವನ್ನು ತಂದು ಕೊಡುವವರು ಬೇರೆ ಇದ್ದಾರೆ. ಹೇಳಿದ ತುಂಡನ್ನು ಹೇಳಿದ ಕ್ರಮದಲ್ಲಿ ಸೇರಿಸುತ್ತ ಹೋದರೆ ಕೊನೆಗೆ ಪ್ರೋಟೀನ್. ‘ನಿಲ್ಲಿಸು’ ಎನ್ನುವ ಮೂರು ಅಕ್ಷರ ಬಂದ ಕೂಡಲೇ ದಾರ ಕಟ್.

ಮಷಿನ್‌ಗಳೆಲ್ಲ ನಿಂತಿದ್ದವು. ಹೊಲಿಯುವವರು ಕೇಳಿಸಿಕೊಳ್ಳುತ್ತಿದ್ದರು. ನನ್ನ ತರಗತಿಯಲ್ಲಿ ಇಷ್ಟು ಮೌನ ಇದ್ದದ್ದು ಪರೀಕ್ಷೆಯ ದಿನ ಮಾತ್ರ.

“ಎಲ್ಲ ಸರಿ. ಅಲ್ಲಿ ಕಟಿಂಗ್ ಮಾಸ್ಟರ್ ಯಾರು?” ಎಂದ ಮೈದುನ.

“ಯಾರೂ ಇಲ್ಲ.”

“ಮಾಸ್ಟರ್ ಇಲ್ದೆ ಅಂಗಡಿ ಎಷ್ಟು ದಿನ ನಡೆಯುತ್ತೆ ಅತ್ತಿಗೆ?”

“ಇಲ್ಲಿಯವರೆಗೆ ಸುಮಾರು ಮುನ್ನೂರೈವತ್ತು ಕೋಟಿ ವರ್ಷ ನಡೆದಿದೆ.”

ಮೊದಲ ಮಷಿನ್‌ನಲ್ಲಿ ಯಾರೋ ಕಿಸಕ್ಕೆಂದರು. ಅದು ಕಾಜಾ ಅಕ್ಕ. ಹತ್ತೊಂಬತ್ತು ವರ್ಷದ ಹಿಂದೆ ಗುಂಡಿಯ ತೂತಿಗೆ ಕಾಜಾ ಹಾಕುವ ಕೆಲಸಕ್ಕೆ ಸೇರಿದವಳು. ಈಗ ಆರೂ ಮಷಿನ್ ಅವಳ ಮಾತಿನ ಮೇಲೆ ಓಡುತ್ತವೆ. ಹೆಸರು ಮಾತ್ರ ಕಾಜಾದಲ್ಲೇ ನಿಂತಿದೆ. ತೆಳ್ಳಗೆ, ಗಟ್ಟಿ ದನಿ, ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಜಗಳವಾಡಬಲ್ಲಳು.

“ಕೆಲಸ ಮುಗಿದ ಮೇಲೆ ಆ ಕಾಪಿ ಏನಾಗುತ್ತೆ?” ಎಂದ ಮಾಸ್ಟರ್.

“ಕೋಶವೇ ಚೂರು ಮಾಡಿ ಹಾಕುತ್ತೆ. ಕೆಲವು ನಿಮಿಷಗಳಲ್ಲಿ, ಕೆಲವು ಗಂಟೆಗಳಲ್ಲಿ. ಮತ್ತೆ ಬೇಕಾದರೆ ಮತ್ತೆ ಮೂಲದಿಂದಲೇ ತೆಗೆಯಬೇಕು.”

“ದುಂದು!” ಅವನಿಗೆ ನಿಜವಾಗಿಯೂ ನೋವಾಯಿತು. ತುಂಡು ದಾರವನ್ನೂ ಡಬ್ಬಿಗೆ ಹಾಕಿಡುವ ಮನುಷ್ಯ ಅವನು. “ಚೆನ್ನಾಗಿರೋ ಕಾಪಿ ಹರಿದು ಹಾಕೋದಾ? ಅದನ್ನೇ ಇಟ್ಟುಕೊಂಡು ಇನ್ನೊಂದು ಕಾಪಿ ತೆಗೀಬಹುದಲ್ಲ?”

“ಹಾಗೆ ಮಾಡಿದರೆ ಒಂದು ನಕಲಿನ ತಪ್ಪು ಮುಂದಿನದಕ್ಕೆ ಹೋಗುತ್ತೆ, ಅದರ ತಪ್ಪೂ ಸೇರಿ ಅದರ ಮುಂದಿನದಕ್ಕೆ. ಸೇರುತ್ತಾ ಸೇರುತ್ತಾ ಹೋಗುತ್ತೆ.”

ಅವನು ಸುಮ್ಮನಾದ. ಸೀಮೆಸುಣ್ಣದ ಮೊನೆಯನ್ನು ಬಹಳ ಹೊತ್ತು ಕೆರೆದ. ಪಾಠ ಅರ್ಥವಾಯಿತು ಎಂದುಕೊಂಡೆ. ವಿದ್ಯಾರ್ಥಿಗಳು ಸುಮ್ಮನಾದಾಗಲೆಲ್ಲ ಮೂವತ್ತನಾಲ್ಕು ವರ್ಷ ನಾನು ಹಾಗೇ ಅಂದುಕೊಂಡಿದ್ದೆ.

“ಕೋಶ ಎರಡಾಗುವಾಗ ಮಾತ್ರ ಇಡೀ ಬೀರುವೇ ನಕಲಾಗಬೇಕು” ಎಂದೆ.

ಇದು ಅವನಿಗೆ ಇಷ್ಟವಾಯಿತು. “ನಾವೂ ಮಾಡಿದ್ದೀವಿ! ಅಳಿಯ ಅಂಗಡಿ ತೆಗೆದಾಗ!” ಹತ್ತು ವರ್ಷದ ಹಿಂದಿನ ಮಾತು. ಮಗಳ ಗಂಡನ ಅಂಗಡಿಗಾಗಿ ನಲವತ್ತಮೂರು ರಟ್ಟನ್ನೂ ಹೊಸ ರಟ್ಟಿನ ಮೇಲೆ ಕತ್ತರಿಸಿದ್ದರು. ಕೋಟಿನ ಎದೆಗೆ ಬಲಭಾಗದ ರಟ್ಟು ಮಾತ್ರ ಸಾಕು, ಮಗುಚಿಟ್ಟರೆ ಎಡಭಾಗ. ಡಿಎನ್‌ಎ ಏಣಿಯೂ ಹಾಗೇ, ಎಂದೆ. ನಡುವೆ ಸೀಳಿಕೊಳ್ಳುತ್ತದೆ, ಒಂದೊಂದು ಅರ್ಧವೂ ತನ್ನ ಜೋಡಿಯನ್ನು ತಾನೇ ಹೇಳಿಕೊಡುತ್ತದೆ, ಒಂದಿದ್ದದ್ದು ಎರಡಾಗುತ್ತದೆ. ತಪ್ಪು ಅಕ್ಷರ ಕೂತರೆ ಅಲ್ಲೇ ಕಿತ್ತು ಸರಿಯಾದದ್ದನ್ನು ಕೂರಿಸುವ ವ್ಯವಸ್ಥೆಯೂ ಇದೆ. ಅಷ್ಟೆಲ್ಲ ಆದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದರಷ್ಟು.

“ನಮ್ಮಲ್ಲೂ ಚೆಕಿಂಗ್ ಇತ್ತು ಮೇಡಂ,” ಎಂದಳು ಕಾಜಾ ಅಕ್ಕ. “ಹಳೇದು ಹೊಸದು ಜೋಡಿಸಿ ಕಿಟಕಿ ಗಾಜಿಗೆ ಹಿಡಿದು ನಾನೇ ನೋಡಿದ್ದೆ. ನಲವತ್ಮೂರರಲ್ಲಿ ನಾಲ್ಕು ತಪ್ಪಿತ್ತು.”

“ಅದು ರಟ್ಟಿನ ತಪ್ಪು” ಎಂದ ಮಾಸ್ಟರ್.

ನನ್ನ ಆರನೆಯ ಅಧ್ಯಾಯ ಆ ವಾರವೇ ಮುಗಿಯಿತು.

ಇದಾಗಿ ತಿಂಗಳೊಳಗೆ ಆಸ್ಪತ್ರೆಯ ಮೇಟ್ರನ್ ಅಂಗಡಿಗೆ ಬಂದರು. ಹೊಸದಾಗಿ ಅಧಿಕಾರ ವಹಿಸಿಕೊಂಡ ಹೆಂಗಸು; ಹಿಂದಿನವರಂತೆ ಕಾಗದ ಬರೆಯದೆ, ಹೊಸ ಕೋಟನ್ನು ತಾವೇ ತೊಟ್ಟುಕೊಂಡು ಬಂದಿದ್ದರು. ಅವರ ಬೆನ್ನಿಗೇ ಆಳೊಬ್ಬ ಅರವತ್ತು ಕೋಟಿನ ಗಂಟು ಹೊತ್ತು ತಂದ. ನಾನು ಆಗ ಅಲ್ಲಿಯೇ ಕೂತು ಮೇಲುಹೊದಿಕೆಯ ಅಂಚು ಹೊಲಿಸಿಕೊಳ್ಳುತ್ತಿದ್ದೆ.

“ನನ್ನ ಕೈ ಎಲ್ಲಿದೆ ಹೇಳಿ ನೋಡೋಣ” ಎಂದರು ಮೇಟ್ರನ್.

ತೋಳಿನ ತುದಿಯಲ್ಲಿ ಬೆರಳುಗಳ ಮೊನೆ ಕೂಡ ಕಾಣುತ್ತಿರಲಿಲ್ಲ. ಕೋಟಿನ ನಡುಭಾಗದಲ್ಲಿ ಇನ್ನೊಬ್ಬರು ಬಂದು ಬಾಡಿಗೆಗಿರಬಹುದಿತ್ತು. ಆದರೆ ಕುತ್ತಿಗೆ ಮಾತ್ರ ಉಸಿರುಗಟ್ಟುವಷ್ಟು ಬಿಗಿ. ಮಾಸ್ಟರ್ ಕಡೆ ತಿರುಗಲು ಅವರು ಇಡೀ ಮೈಯನ್ನೇ ತಿರುಗಿಸಬೇಕಾಯಿತು.

“ಹಿಂದಿನ ವರ್ಷಗಳಲ್ಲೂ ನರ್ಸ್‌ಗಳು ತೋಳು ಮಡಚಿಕೊಂಡೇ ಇದ್ದರಂತೆ. ಕೇಳಿದರೆ ಇದೇ ಫ್ಯಾಷನ್ ಅಂದುಕೊಂಡಿದ್ದೆವು ಅಂತಾರೆ. ನಾನು ಉಗ್ರಾಣದಿಂದ ಎಂಟು ವರ್ಷದ ಹಳೇ ಕೋಟು ತೆಗೆಸಿ ನೋಡಿದೆ, ಚೆನ್ನಾಗಿ ಕೂರುತ್ತೆ. ಇದೇ ಅಂಗಡಿ, ಇದೇ ಸೈಜು. ಹತ್ತು ದಿನ ಕೊಡ್ತೀನಿ. ಆಗದಿದ್ದರೆ ಬೇರೆ ಅಂಗಡಿ ನೋಡ್ಕೊಳ್ತೀವಿ.”

ಅವರು ಹೋದ ಮೇಲೆ ಮಾಸ್ಟರ್ ಕೋಟೊಂದನ್ನು ಮೇಜಿನ ಮೇಲೆ ಹಾಸಿ, ಸುತ್ತ ಎರಡು ಸುತ್ತು ಬಂದು ತೀರ್ಪು ಕೊಟ್ಟ: “ಹೊಲಿಗೆ ತೆಳು. ಅರ್ಧ ಇಂಚು ಒಳಗೆ ಹಿಡಿದು ಹೊಲೀಬೇಕಾದ್ದನ್ನು ಅಂಚಿನಲ್ಲೇ ಹೊಲಿದಿದ್ದೀರಿ. ಅದಕ್ಕೆ ಮೈ ದೊಡ್ಡದು, ಕುತ್ತಿಗೆ ಚಿಕ್ಕದು.”

ತರ್ಕ ಕೆಟ್ಟದ್ದಲ್ಲ. ಹೊರ ಅಂಚಿನಲ್ಲಿ ಬಟ್ಟೆ ಉಳಿದರೆ ಉಡುಪು ದೊಡ್ಡದಾಗುತ್ತದೆ, ಕುತ್ತಿಗೆಯ ತೂತಿನ ಸುತ್ತ ಉಳಿದರೆ ತೂತು ಚಿಕ್ಕದಾಗುತ್ತದೆ.

“ಮಾಸ್ಟ್ರೇ, ಹತ್ತೊಂಬತ್ತು ವರ್ಷ ಅರ್ಧ ಇಂಚೇ ಹಿಡಿದಿದ್ದೀನಿ” ಎಂದಳು ಕಾಜಾ ಅಕ್ಕ, ಸೂಜಿಗಳನ್ನು ಬಾಯಿಂದ ತೆಗೆದು.

“ಹಾಗಾದ್ರೆ ಕೋಟು ತಾನಾಗಿ ಬೆಳೀತಾ? ಸೋಮವಾರದಿಂದ ನೀನು ಬರಬೇಡ.”

ಅಂಗಡಿಯ ಜಗಳದಲ್ಲಿ ನನಗೇನು ಕೆಲಸ ಎಂದು ಮೇಲುಹೊದಿಕೆಯನ್ನು ಅಲ್ಲೇ ಬಿಟ್ಟು ನಾನು ಮಹಡಿಗೆ ಬಂದೆ. ಅವಳು ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು, ನೇರ ಮಹಡಿ ಹತ್ತಿ ಬಂದು ನನ್ನ ಬಾಗಿಲಲ್ಲಿ ನಿಂತಳು. ಅಳಲಿಲ್ಲ. ಅತ್ತಿದ್ದರೆ ನನಗೇನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

“ಮೇಡಂ, ನನ್ನ ಹೊಲಿಗೆ ಸರಿ ಇತ್ತು ಅಂತ ಒಂದು ಕಾಗದ ಬರೆದುಕೊಡಿ. ನೀವು ಓದಿದವರು, ನಿಮ್ಮ ಮಾತಿಗೆ ಬೆಲೆ ಇದೆ. ತೆಳು ಹೊಲೀತಾಳೆ ಅಂತ ಒಂದು ಸಲ ಹೆಸರು ಕೆಟ್ರೆ ಯಾವ ಅಂಗಡಿಯವರೂ ನನ್ನ ಸೇರಿಸಲ್ಲ. ಈ ಕೈ ಬಿಟ್ರೆ ನಂಗೆ ಬೇರೆ ಏನೂ ಬರಲ್ಲ.”

“ನೋಡದೆ ನಾನು ಯಾವ ಕಾಗದವನ್ನೂ ಬರೆಯುವವಳಲ್ಲ” ಎಂದೆ. “ನಡಿ, ಕೆಳಗೆ.”

ಗಂಟಿನಿಂದ ಕಣ್ಣುಮುಚ್ಚಿ ಆರು ಕೋಟು ಎತ್ತಿಕೊಂಡೆ. ಒಳಗಡೆ ತಿರುಗಿಸಿ, ಹೊಲಿಗೆಯ ಗೆರೆಯಿಂದ ಅಂಚಿನವರೆಗೆ ಮಾಸ್ಟರ್‌ನದೇ ಟೇಪು ಹಿಡಿದೆ. ಪಕ್ಕೆಯಲ್ಲಿ ಅರ್ಧ ಇಂಚು. ತೋಳಿನಲ್ಲಿ ಅರ್ಧ ಇಂಚು. ಕುತ್ತಿಗೆಯಲ್ಲಿ ಅರ್ಧ ಇಂಚು. ಆರಕ್ಕೆ ಆರೂ ಒಂದೇ ಅಳತೆ.

“ರೈಬೋಸೋಮ್ ಸರಿಯಾಗಿಯೇ ಇದೆ” ಎಂದೆ.

“ಹಾಗಾದ್ರೆ ಬಟ್ಟೆಯದು ತಪ್ಪು” ಎಂದ ಮಾಸ್ಟರ್.

“ಬಟ್ಟೆ ಒಗೆದರೆ ಕುಗ್ಗುತ್ತೆ ಕಣಯ್ಯಾ, ಮಡಚಿಟ್ಟಲ್ಲಿ ಬೆಳೆಯಲ್ಲ. ಹೊಲಿಯುವವರು ನೀನು ಕೊಟ್ಟದ್ದನ್ನು ಹೊಲಿದಿದ್ದಾರೆ. ಇನ್ನುಳಿದದ್ದು ನಿನ್ನ ಕಾಗದ, ನಿನ್ನ ರಟ್ಟು. ಕೋಟಿನ ರಟ್ಟು ತೆಗಿ, ಕಾಗದ ಅದರ ಮೇಲಿಟ್ಟು ನೋಡೋಣ.”

“ಈಗ ಯಾಕೆ?”

“ಇನ್ಯಾವಾಗ?”

“ಬೆಳಿಗ್ಗೆ ನೋಡೋಣ. ಬೀರು ತೆಗೆಯೋದು ನಾನು ಬೆಳಿಗ್ಗೆ ಮಾತ್ರ.” ಕೈ ಕೊರಳಿನ ದಾರ ಹಿಡಿದಿತ್ತು.

ಅಷ್ಟರಲ್ಲಿ ಓರಗಿತ್ತಿ ಎಲ್ಲರಿಗೂ ಚಹಾ ತಂದಳು. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಗಂಡನ ಕೊರಳನ್ನೇ ನೋಡುತ್ತ, ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲಿ ಹೇಳಿದಳು: “ಅದು ಬೀರುವಿನ ಬೀಗದ ಕೈ ಅಲ್ಲ ಅಕ್ಕಾ. ನಮ್ಮ ಹಳೇ ಸೈಕಲ್‌ದು.”

ನಾನು ಮಾಸ್ಟರ್‌ನ ಮುಖ ನೋಡಿದೆ. ಅವನು ಕಿಟಕಿ ನೋಡಿದ.

“ಬೀರುವಿನದು ಕಳೆದುಹೋಯ್ತಾ?”

“ಕಳೆದುಹೋಗಿಲ್ಲ ಅತ್ತಿಗೆ. ಎಲ್ಲಿದೆ ಅಂತ ಗೊತ್ತಿಲ್ಲ, ಅಷ್ಟೆ.”

“ಎಷ್ಟು ದಿನದಿಂದ?”

“ದಿನ ಅಲ್ಲ ಅಕ್ಕಾ, ಆರು ವರ್ಷ” ಎಂದಳು ಓರಗಿತ್ತಿ. “ಸೈಕಲ್ ಮಾರಿದ ವರ್ಷವೇ.”

“ನಿಂಗೆ ಗೊತ್ತಿತ್ತಾ?” ಎಂದು ಬೆಚ್ಚಿದವನು ಮಾಸ್ಟರ್. ಆರು ವರ್ಷ ಹೆಂಡತಿಗೂ ಗುಟ್ಟು ಬಿಡದೆ ನಡೆಸಿದ್ದೇನೆ ಎಂದು ಪಾಪ ನಂಬಿದ್ದ.

“ನಿಮ್ಮ ಅಂಗಿ ಒಗೆಯೋಳು ನಾನು.”

“ಆರು ವರ್ಷದಿಂದ ಪರದೆ ಹಿಂದೆ ಹೋಗಿ ಏನು ಮಾಡ್ತಿದ್ದೆ ನೀನು?” ಎಂದೆ.

ಉತ್ತರ ಮೇಜಿನ ಕೆಳಗಿತ್ತು. ಅವನು ಬಗ್ಗಿ ಒಂದು ದಪ್ಪ ಕಟ್ಟನ್ನು ಎಳೆದ. ಆರು ವರ್ಷದಲ್ಲಿ ಮಾಡಿದ ಕೋಟಿನ ಬೆನ್ನಿನ ನಕಲುಗಳು, ಒಂದೂ ಬಿಡದೆ. ಚಿಂದಿಯಾದದ್ದನ್ನೂ ಎಸೆದಿರಲಿಲ್ಲ. ರಟ್ಟು ಸಿಗದಾದ ಮೇಲೆ, ಕೈಯಲ್ಲಿದ್ದ ಕಾಗದದ ಸುತ್ತ ಗೆರೆ ಎಳೆದು ಹೊಸ ಕಾಗದ ಕತ್ತರಿಸಿದ್ದ. ಅದು ಹರಿದಾಗ ಅದರಿಂದ ಇನ್ನೊಂದು. ಮೂವತ್ತಾರು ನಕಲು, ಒಂದರಿಂದ ಒಂದು.

“ಅಳಿಯನ ಅಂಗಡೀಲಿ ಇಡೀ ಸೆಟ್ ಇದೆಯಲ್ಲಯ್ಯಾ, ಅವನನ್ನು ಕೇಳಬಾರದಿತ್ತಾ?”

“ಅಳಿಯನ ಹತ್ರ? ನಾನು? ಬೀಗದ ಕೈ ಕಳ್ಕೊಂಡಿದ್ದೀನಿ ಅಂತ?” ತಾನು ಕಳೆದುಕೊಂಡಿಲ್ಲವೆಂದು ಈಗಷ್ಟೇ ಹೇಳಿದ್ದು ಅವನಿಗೇ ನೆನಪಾಗಿ ಚಹಾ ಕುಡಿದ.

ಮೂವತ್ತಾರರಲ್ಲಿ ಹದಿನಾಲ್ಕು ನಕಲುಗಳ ಮೂಲೆಯಲ್ಲಿ ಪತ್ರಿಕೆಯ ತಾರೀಖು ಉಳಿದಿತ್ತು. ನಾನೂ ಕಾಜಾ ಅಕ್ಕನೂ ಅವನ್ನು ವರ್ಷದ ಕ್ರಮದಲ್ಲಿ ಮೇಜಿನ ಮೇಲೆ ಒಂದರ ಮೇಲೊಂದು ಹರಡಿದೆವು. ಪ್ರತಿಯೊಂದೂ ತನ್ನ ಹಿಂದಿನದಕ್ಕಿಂತ ಇಷ್ಟೇ ಇಷ್ಟು ಹೊರಗೆ ಚಾಚಿತ್ತು. ಕಾಗದದ ಸುತ್ತ ಪೆನ್ಸಿಲ್ ಓಡಿಸಿದರೆ ಗೆರೆ ಯಾವಾಗಲೂ ಕಾಗದದ ಹೊರಗೆ ಬೀಳುತ್ತದೆ. ಗೆರೆಯ ಹೊರಗಿಂದ ಕತ್ತರಿಸಿದರೆ ಗೆರೆಯ ದಪ್ಪವೂ ಒಳಗೆ ಸೇರುತ್ತದೆ. ಒಂದು ಸಲಕ್ಕೆ ಅದು ಕಣ್ಣಿಗೆ ಕಾಣದಷ್ಟು. ಮೂವತ್ತಾರು ಸಲಕ್ಕೆ ಅಂಚಿನ ಸುತ್ತಲೂ ಒಂದೂವರೆ ಇಂಚು, ಕುತ್ತಿಗೆಯ ಬಾಗು ಮಾತ್ರ ಅಷ್ಟೇ ಒಳಗೆ. ನನ್ನ ತರಗತಿಗಳಲ್ಲಿ ಇದನ್ನು ತೋರಿಸಲು ಒಂದು ಒಳ್ಳೆಯ ಚಿತ್ರ ನನಗೆಂದೂ ಸಿಕ್ಕಿರಲಿಲ್ಲ.

“ತಾನಾಗಿ ಬೆಳೆದಿದೆ ಮಾಸ್ಟ್ರೇ, ನೋಡಿ” ಎಂದಳು ಕಾಜಾ ಅಕ್ಕ.

ಬೀಗ ರಿಪೇರಿಯವನನ್ನು ಕರೆಸಿದೆವು. ಅವನು ಮೂರು ನಿಮಿಷದಲ್ಲಿ ಬೀಗ ಬಿಚ್ಚಿ, “ಇಷ್ಟೇನಾ?” ಎಂದ. ಆರು ವರ್ಷ, ಮೂರು ನಿಮಿಷ. ಬೀರುವಿನೊಳಗೆ ರಟ್ಟುಗಳು ಧೂಳು ಹಿಡಿದು, ಅಳತೆ ಕೆಡದೆ, ಇಟ್ಟಲ್ಲೇ ಇದ್ದವು. ಕೋಟಿನ ಬೆನ್ನಿನ ರಟ್ಟನ್ನು ಕೊನೆಯ ಕಾಗದದ ಮೇಲಿಟ್ಟಾಗ ಅದು ದೊಡ್ಡಣ್ಣನ ಅಂಗಿ ತೊಟ್ಟ ತಮ್ಮನಂತೆ ಕಂಡಿತು.

ಎಲ್ಲರೂ ಮಾಸ್ಟರ್ ಕಡೆ ನೋಡಿದರು. ಅವನು ಕಾಗದದ ಅಂಚನ್ನು ಬೆರಳಿನಿಂದ ಸವರಿ, ಗಂಟಲು ಸರಿಮಾಡಿಕೊಂಡು ಹೇಳಿದ: “ಕಾಗದ ಹಿಗ್ಗಿದೆ. ಈಗಿನ ಪತ್ರಿಕೆಯವರು ಒಳ್ಳೇ ಕಾಗದ ಬಳಸಲ್ಲ.”

ನಾನು ನನ್ನ ಚಹಾ ಲೋಟ ಎತ್ತಿಕೊಂಡು ಮಹಡಿಗೆ ಹೋದೆ. ಕೆಲವು ರೋಗಗಳಿಗೆ ಮದ್ದಿಲ್ಲ ಎಂದು ಒಪ್ಪಿಕೊಳ್ಳುವುದೂ ವಿಜ್ಞಾನವೇ.

ದೊಡ್ಡದನ್ನು ಚಿಕ್ಕದು ಮಾಡಬಹುದು. ಕುತ್ತಿಗೆಯನ್ನು ಕತ್ತರಿಸಿ ಅಗಲಿಸಬಹುದು. ಅರವತ್ತು ಕೋಟನ್ನೂ ಬಿಚ್ಚಿ, ರಟ್ಟಿನಿಂದ ಹೊಸದಾಗಿ ತೆಗೆದ ನಕಲಿಟ್ಟು ಮತ್ತೆ ಕತ್ತರಿಸಿ ಹೊಲಿಯಲು ಎಂಟು ದಿನ ಹಿಡಿಯಿತು. ಕಾಜಾ ಅಕ್ಕ ಸೋಮವಾರವೂ ಬಂದಳು, ಮಂಗಳವಾರವೂ ಬಂದಳು. ಬರಬೇಡ ಎಂದದ್ದನ್ನು ಮಾಸ್ಟರ್ ವಾಪಸು ತೆಗೆದುಕೊಂಡಿರಲಿಲ್ಲ. ಅವಳು ಬಂದದ್ದನ್ನು ಗಮನಿಸಿದಂತೆಯೂ ತೋರಿಸಿಕೊಳ್ಳಲಿಲ್ಲ. ಮಾತೆಲ್ಲ ಬಟ್ಟೆಯ ಮೂಲಕ ನಡೆಯಿತು. ಒಂದು ಸಲ ಮಾತ್ರ, “ಹೊಲಿಗೆ ಎಷ್ಟು ಹಿಡೀತಿದ್ದೀಯ?” ಎಂದ. “ಹತ್ತೊಂಬತ್ತು ವರ್ಷದಷ್ಟೇ” ಎಂದಳು. ಒಂಬತ್ತನೆಯ ದಿನ ಮೇಟ್ರನ್ ಬಂದು, ಕೋಟು ತೊಟ್ಟು, ತಲೆಯನ್ನು ಮಾತ್ರ ತಿರುಗಿಸಿ ಮಾಸ್ಟರ್‌ನ ಕಡೆ ನೋಡಿದರು. ಮೈ ತಿರುಗಲಿಲ್ಲ. ಆರ್ಡರ್ ಉಳಿಯಿತು.

ಅದರ ಮರುದಿನ ನನ್ನ ಮೇಲುಹೊದಿಕೆ ತರಲು ಕೆಳಗಿಳಿದೆ. ಬೀರುವಿಗೆ ಹೊಸ ಬೀಗ ಬಂದಿತ್ತು. ಮಾಸ್ಟರ್ ಕೊರಳಲ್ಲಿ ಹೊಸ ಬೀಗದ ಕೈ, ಹಳೇ ದಾರ. ಅವನು ಸ್ಟೂಲ್ ಹತ್ತಿ ಮೊದಲ ಮಷಿನ್‌ನ ಪಕ್ಕದ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಸುತ್ತಿಗೆ ಎರಡು ಸಲ ಬೆರಳಿಗೆ ಬಿತ್ತು. ಎರಡು ಸಲವೂ ಸುತ್ತಿಗೆಯನ್ನು ಬೈದ. ಮೊಳೆ ಗಟ್ಟಿಯಾದ ಮೇಲೆ ಜೇಬಿನಿಂದ ಅಂಥದ್ದೇ ಇನ್ನೊಂದು ಬೀಗದ ಕೈ ತೆಗೆದು ಅದಕ್ಕೆ ತಗುಲಿಸಿ, ಸ್ಟೂಲ್ ಇಳಿದು, ತನ್ನ ಮೇಜಿಗೆ ಹೋಗಿ ಸೀಮೆಸುಣ್ಣ ಹಿಡಿದ.

ಕಾಜಾ ಅಕ್ಕ ಮಷಿನ್ ನಿಲ್ಲಿಸಿದಳು. ಬಾಯಿಂದ ಸೂಜಿ ತೆಗೆದಳು. “ಇದು ಯಾರದು ಮಾಸ್ಟ್ರೇ?”

“ಯಾರದು ಅಂದ್ರೆ?” ಅವನು ಬಟ್ಟೆಯಿಂದ ಕಣ್ಣೆತ್ತಲಿಲ್ಲ. “ಮೊಳೆ ಖಾಲಿ ಇತ್ತು, ನೇತುಹಾಕಿದೆ.”

ಆ ಮೊಳೆ ಗೋಡೆಗೆ ಬಂದು ಎರಡು ನಿಮಿಷವೂ ಆಗಿರಲಿಲ್ಲ.